ದೇವರು ಕೆಳಗಿಳಿದ ಮೇಲೆ ನಾವು ಹತ್ತುವ ಊರು: ಚಳಿಗಾಲದ ಔಲಿ

ಬದರಿ ಯಾತ್ರೆ ಮುಗಿಸಿ ಬಂದವರು ನಮ್ಮ ಕಾಸರಗೋಡು ಕಡೆ ಊರಿಗೆ ನಾಲ್ಕು ಮಂದಿಯಾದರೂ ಸಿಗುತ್ತಾರೆ. ಹೆಚ್ಚಿನವರು ಹೋದದ್ದು ಮೇ-ಜೂನ್ ತಿಂಗಳಲ್ಲಿ, ಇಲ್ಲವೇ ದಸರಾ ರಜೆಯಲ್ಲಿ. ಎಲ್ಲರ ಕತೆಯೂ ಹೆಚ್ಚುಕಡಿಮೆ ಒಂದೇ. ದರ್ಶನಕ್ಕೆ ಸರತಿ ಸಾಲು, ರಸ್ತೆಯಲ್ಲಿ ವಾಹನದ ಸಾಲು, ಕುಸಿದ ಗುಡ್ಡದೆದುರು ಗಂಟೆಗಟ್ಟಲೆ ಕಾದದ್ದು. "ದಾರಿಯಲ್ಲಿ ಜೋಶಿಮಠ ಸಿಗುತ್ತದಲ್ಲ, ಹೇಗಿತ್ತು?" ಎಂದು ಕೇಳಿ ನೋಡಿ. "ಅಲ್ಲಿ ಚಾ ಕುಡಿದೆವು" ಅನ್ನುತ್ತಾರೆ!

ಚಾ ಕುಡಿದು ಮುಂದೆ ಹೋದ ಆ ಊರಿಗೇ ಚಳಿಗಾಲದಲ್ಲಿ ಹೋಗಬೇಕು ಎಂದು ಹೇಳುವುದಕ್ಕೆ ಈ ಲೇಖನ. ನವೆಂಬರಿನಲ್ಲಿ ಬದರಿಯ ಬಾಗಿಲು ಮುಚ್ಚಿದ ಮೇಲೆ ಯಾತ್ರಿಕರು ಅತ್ತ ಮುಖ ಹಾಕುವುದಿಲ್ಲ. ಆದರೆ ಊರು ಎಲ್ಲಿಗೂ ಹೋಗಿರುವುದಿಲ್ಲ. ಅದರ ನೆತ್ತಿಯ ಮೇಲೇ ಔಲಿ ಇದೆ. ಗುಲ್ಮಾರ್ಗ್ ಬಿಟ್ಟರೆ ಹಿಮದ ಮೇಲೆ ಜಾರುವ ಸ್ಕೀ ಆಟಕ್ಕೆ ನಮ್ಮ ದೇಶದಲ್ಲಿ ಹೆಸರಾದ ಜಾಗ ಅದು.

ಮೊದಲು ಎತ್ತರದ ಅಂದಾಜು ಕೊಡುತ್ತೇನೆ. ಉತ್ತರಾಖಂಡದ ಚಮೋಲಿ ಜಿಲ್ಲೆಯ ಜೋಶಿಮಠ ಸಮುದ್ರ ಮಟ್ಟದಿಂದ ಸುಮಾರು 1,900 ಮೀಟರ್ ಎತ್ತರದಲ್ಲಿದೆ. 2024ರಿಂದ ಅದರ ಅಧಿಕೃತ ಹೆಸರು ಜ್ಯೋತಿರ್ಮಠ. ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಯ ತುದಿ ಹೆಚ್ಚುಕಡಿಮೆ ಅಷ್ಟೇ ಎತ್ತರ. ಅಂದರೆ ನಮ್ಮ ರಾಜ್ಯದ ಅತಿ ಎತ್ತರದ ಶಿಖರದ ಮಟ್ಟದಲ್ಲಿ ಅಲ್ಲಿ ಬಸ್ ನಿಲ್ದಾಣ, ತರಕಾರಿ ಅಂಗಡಿ ಎಲ್ಲ ಇವೆ. (ಕೇರಳದಲ್ಲಿ ಕೂತು "ನಮ್ಮ ರಾಜ್ಯ" ಎಂದು ಕರ್ನಾಟಕವನ್ನು ಕರೆದದ್ದಕ್ಕೆ ಕ್ಷಮೆ ಇರಲಿ. ಗಡಿಯವರಿಗೆ ಇದು ಹಳೆಯ ರೋಗ.) ಔಲಿ ಇನ್ನೂ ಮೇಲೆ, ಸುಮಾರು 2,500ರಿಂದ 3,050 ಮೀಟರ್‌ವರೆಗೆ ಹರಡಿದ ಇಳಿಜಾರು ಹುಲ್ಲುಗಾವಲು. ನೀಲಗಿರಿಯ ಓದುಗರಿಗೆ ಹೇಳುವುದಾದರೆ ನಿಮ್ಮ ದೊಡ್ಡಬೆಟ್ಟ 2,637 ಮೀಟರ್. ಅದರ ನೆತ್ತಿಯಿಂದ ಇನ್ನೂ ನಾನೂರು ಮೀಟರ್ ಹತ್ತಿದರೆ ಔಲಿಯ ಮೇಲ್ತುದಿ.

ಹಾಗಾದರೆ ಊಟಿಯಲ್ಲಿ ಹಿಮ ಏಕೆ ಬೀಳುವುದಿಲ್ಲ? ಊಟಿ ಭೂಮಧ್ಯರೇಖೆಗೆ ಹತ್ತಿರ. ಡಿಸೆಂಬರ್-ಜನವರಿಯಲ್ಲಿ ಅಲ್ಲಿ ಹುಲ್ಲಿನ ಮೇಲೆ ಬೆಳ್ಳಗೆ ಕಾಣುವುದು ನೆಲಕ್ಕೆ ತಾಗಿದ ತೇವ ಹೆಪ್ಪುಗಟ್ಟಿದ್ದು, ಆಕಾಶದಿಂದ ಬಿದ್ದದ್ದಲ್ಲ. ಔಲಿಯದ್ದು ಬೇರೆ ಲೆಕ್ಕ. ಚಳಿಗಾಲದಲ್ಲಿ ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಹೊರಟ ಮೋಡಗಳು ಇರಾನ್, ಅಫ್ಘಾನಿಸ್ತಾನ ದಾಟಿ ಬಂದು ಹಿಮಾಲಯಕ್ಕೆ ತಾಗುತ್ತವೆ. ರೇಡಿಯೋ ವಾರ್ತೆಯಲ್ಲಿ "ಪಶ್ಚಿಮದ ಪ್ರಕ್ಷುಬ್ಧತೆ" ಎಂದು ಕೇಳುತ್ತೀರಲ್ಲ, ಅದೇ. ತಗ್ಗಿನಲ್ಲಿ ಮಳೆಯಾಗಿ ಬೀಳುವ ಆ ಮೋಡ ಎತ್ತರದಲ್ಲಿ ಹಿಮವಾಗುತ್ತದೆ. ನಮ್ಮ ಕನ್ನಡದಲ್ಲಿ ಮಂಜು ಎಂದರೂ ಮಂಜು, ಹಿಮ ಎಂದರೂ ಮಂಜು. ನಾನು ಮೊದಲ ಸಲ ಹೊರಟಾಗ ನಮ್ಮ ತಾಯಿ "ಮಂಜು ನೋಡಲು ಅಷ್ಟು ದೂರ ಏಕೆ, ಮಡಿಕೇರಿ ಸಾಲದೇ?" ಎಂದು ಕೇಳಿದ್ದರು.

2019ರ ಫೆಬ್ರವರಿಯಲ್ಲಿ ನಾನು ಮತ್ತು ನಮ್ಮ ಭಾವ ಹೋದದ್ದು. ಆಗ ಜೋಶಿಮಠದಿಂದ ಔಲಿಗೆ ರೋಪ್‌ವೇ ಓಡುತ್ತಿತ್ತು. ಸುಮಾರು 4 ಕಿಲೋಮೀಟರ್ ತಂತಿಯ ದಾರಿ. ಕೆಳಗೆ ಊರಿನ ತಗಡು ಮಾಡುಗಳು, ಆಮೇಲೆ ದೇವದಾರು ಕಾಡು, ಆಮೇಲೆ ಬರೀ ಬಿಳಿ. ಭಾವ ಅರ್ಧ ದಾರಿಯವರೆಗೆ ಕಣ್ಣು ಮುಚ್ಚಿಕೊಂಡಿದ್ದರು. ಕಣ್ಣು ತೆರೆದಾಗ ಎದುರಿಗೆ ನಂದಾದೇವಿ. 7,816 ಮೀಟರ್. ಕಾಂಚನಗಂಗಾ ಬಿಟ್ಟರೆ ಭಾರತದ ಅತಿ ಎತ್ತರದ ಶಿಖರ. ಬೇಸಿಗೆಯ ಯಾತ್ರಿಕರಲ್ಲಿ ಎಷ್ಟೋ ಮಂದಿಗೆ ಧೂಳು, ಹೊಗೆ, ಮೋಡದ ಮಧ್ಯೆ ಅದು ಕಾಣುವುದೇ ಇಲ್ಲ. ಚಳಿಗಾಲದಲ್ಲಿ ಹಿಮ ಬಿದ್ದು ನಿಂತ ಮಾರನೆಯ ಬೆಳಗ್ಗೆ ಗಾಳಿ ತೊಳೆದಿಟ್ಟ ಹಾಗಿರುತ್ತದೆ. ದ್ರೋಣಗಿರಿಯೂ ಕಾಣುತ್ತದೆ. ಹನುಮಂತ ಸಂಜೀವಿನಿಗಾಗಿ ಕಿತ್ತದ್ದು ಈ ಬೆಟ್ಟವನ್ನೇ ಎಂದು ಅಲ್ಲಿನವರ ನಂಬಿಕೆ. ತಮ್ಮ ಬೆಟ್ಟವನ್ನು ಕೇಳದೆ ಒಯ್ದನೆಂಬ ಸಿಟ್ಟಿಗೆ ದ್ರೋಣಗಿರಿ ಗ್ರಾಮದವರು ಈಗಲೂ ಹನುಮಂತನನ್ನು ಪೂಜಿಸುವುದಿಲ್ಲ!

ಇನ್ನು ಸ್ಕೀ. ಸಿನಿಮಾದಲ್ಲಿ ನೋಡಿದ್ದು ಬಿಟ್ಟರೆ ನಮಗೆ ಅದರ ಗಂಧವಿಲ್ಲ, ಹಾಗಾಗಿ ಸ್ವಲ್ಪ ವಿವರಿಸುತ್ತೇನೆ. ಎರಡು ಕಾಲಿಗೆ ಎರಡು ಉದ್ದ ಪಟ್ಟಿ. ಮುಂತುದಿ ಮೇಲಕ್ಕೆ ಬಾಗಿರುತ್ತದೆ, ಅಂಚಿಗೆ ಉಕ್ಕಿನ ಪಟ್ಟಿ ಕೂರಿಸಿರುತ್ತಾರೆ. ಕಾಲಿಗೆ ಹಾಕುವ ಬೂಟು ಗಟ್ಟಿ ಪ್ಲಾಸ್ಟಿಕ್ಕಿನದ್ದು, ಪಟ್ಟಿಗೆ ಕಟಕ್ಕನೆ ಕೂತುಕೊಳ್ಳುತ್ತದೆ. ಜೋರಾಗಿ ಬಿದ್ದರೆ ತಾನಾಗಿ ಬಿಟ್ಟುಕೊಳ್ಳುತ್ತದೆ, ಇಲ್ಲವಾದರೆ ಮೊಣಕಾಲು ತಿರುಚಿ ಹೋದೀತು. ಪಟ್ಟಿ ಜಾರುವಾಗ ಉಜ್ಜಿದ ಬಿಸಿಗೆ ಅದರಡಿ ತೆಳ್ಳಗೆ ನೀರಿನ ಪದರ ಹುಟ್ಟುತ್ತದೆ, ಮುಖ್ಯವಾಗಿ ಅದರಿಂದಲೇ ಜಾರುವುದು ಸಲೀಸು. ಜಾರುವುದು ಯಾರಿಗೂ ಬರುತ್ತದೆ, ನಿಲ್ಲುವುದೇ ವಿದ್ಯೆ. ಹೊಸಬರಿಗೆ ಮೊದಲು ಕಲಿಸುವುದು ಕಾಲ್ಬೆರಳ ಕಡೆ ಪಟ್ಟಿಗಳನ್ನು ಹತ್ತಿರ ತಂದು ಹಿಮ್ಮಡಿಯನ್ನು ಅಗಲಿಸುವುದು. ಆಗ ಒಳಗಿನ ಅಂಚು ಹಿಮವನ್ನು ಕಚ್ಚಿ ವೇಗ ಇಳಿಯುತ್ತದೆ. ಬಲಗಾಲಿಗೆ ಭಾರ ಕೊಟ್ಟರೆ ಎಡಕ್ಕೆ ತಿರುಗುತ್ತೀರಿ, ಎಡಗಾಲಿಗೆ ಕೊಟ್ಟರೆ ಬಲಕ್ಕೆ. ಬೀಳುವುದಾದರೆ ಪಕ್ಕಕ್ಕೆ ಬೀಳಿ ಎಂದು ಮೇಷ್ಟ್ರು ಹತ್ತು ಸಲ ಹೇಳುತ್ತಾರೆ. ನಾನು ಹತ್ತು ಸಲವೂ ಹಿಂದಕ್ಕೇ ಬಿದ್ದೆ. ಐವತ್ತರ ಹತ್ತಿರದ ಸೊಂಟಕ್ಕೆ ಅದು ಹೇಳಿಸಿದ ಆಟವಲ್ಲ ಅನ್ನಬಹುದು. ಆದರೆ ಮೂರನೆಯ ದಿನ ಒಂದು ಇಪ್ಪತ್ತು ಮಾರು ದೂರ ಬೀಳದೆ ಜಾರಿ ನಿಂತೆನಲ್ಲ, ಆ ಖುಷಿ ಸೈಕಲ್ ಕಲಿತ ದಿನದ ನಂತರ ಸಿಕ್ಕಿದ್ದು ಅಲ್ಲೇ.

ಔಲಿಯಲ್ಲಿ ಸ್ಕೀ ಬೇರೂರಿದ್ದು ಮೋಜಿಗಾಗಿ ಅಲ್ಲ, ಗಡಿ ಕಾಯುವವರಿಂದ. 1962ರ ಯುದ್ಧದ ಹೊತ್ತಿಗೆ ಹುಟ್ಟಿದ ಇಂಡೋ-ಟಿಬೆಟನ್ ಗಡಿ ಪೊಲೀಸ್ ಪಡೆಯ ಪರ್ವತಾರೋಹಣ ಮತ್ತು ಸ್ಕೀ ತರಬೇತಿ ಸಂಸ್ಥೆ ಇರುವುದು ಅಲ್ಲೇ. 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟದ ಸ್ಕೀ ಸ್ಪರ್ಧೆಗಳು ನಡೆದದ್ದೂ ಇಲ್ಲೇ. ಜನಸಾಮಾನ್ಯರಿಗೆ ಗಢವಾಲ್ ಮಂಡಲ ವಿಕಾಸ ನಿಗಮ ಏಳು ದಿನ, ಹದಿನಾಲ್ಕು ದಿನದ ತರಗತಿಗಳನ್ನು ನಡೆಸುತ್ತ ಬಂದಿದೆ. ದಕ್ಷಿಣದವರಿಗೆ ಇದು ಒಗ್ಗದು ಎಂದು ಯಾರಾದರೂ ಹೇಳಿದರೆ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರ ಹೆಸರು ಹೇಳಿ. 2024ರಲ್ಲಿ ಗುಲ್ಮಾರ್ಗ್‌ನಲ್ಲಿ ನಡೆದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಅವರು ನಾರ್ಡಿಕ್ ಸ್ಕೀಯಿಂಗ್‌ನಲ್ಲಿ ಕರ್ನಾಟಕಕ್ಕೆ ಚಿನ್ನ ತಂದವರು. ಹಿಮವೇ ಬೀಳದ ಜಿಲ್ಲೆಯ ಹುಡುಗಿ!

ಹಿಮ, ಬೆಟ್ಟ, ಆಟ ಇಷ್ಟೇ ಆಗಿದ್ದರೆ ಸಿಮ್ಲಾ, ಮನಾಲಿ ಎಂದು ಬೇರೆ ಊರುಗಳಿವೆ. ನಮ್ಮವರು ಜ್ಯೋತಿರ್ಮಠಕ್ಕೇ ಹೋಗಬೇಕು ಅನ್ನುವುದಕ್ಕೆ ನನ್ನ ಮುಖ್ಯ ಕಾರಣ ಬೇರೆ ಇದೆ. ಚಳಿಗಾಲದಲ್ಲಿ ಅಲ್ಲಿಗೆ ದೇವರೂ ಇಳಿದು ಬರುತ್ತಾರೆ.

ಬದರಿನಾಥ ಹಿಮದಲ್ಲಿ ಮುಚ್ಚಿಹೋಗುವ ಆರು ತಿಂಗಳು ಪೂಜೆ ನಿಲ್ಲುವುದಿಲ್ಲ, ಜಾಗ ಬದಲಾಗುತ್ತದೆ. ಉದ್ಧವ ಮತ್ತು ಕುಬೇರರ ಮೂರ್ತಿಗಳು ಪಾಂಡುಕೇಶ್ವರಕ್ಕೆ ಬರುತ್ತವೆ. ಆದಿ ಶಂಕರಾಚಾರ್ಯರ ಗದ್ದುಗೆ ಜ್ಯೋತಿರ್ಮಠದ ನರಸಿಂಹ ದೇವಸ್ಥಾನಕ್ಕೆ ಬರುತ್ತದೆ. ಶಂಕರರು ನಾಲ್ಕು ದಿಕ್ಕಿಗೆ ಸ್ಥಾಪಿಸಿದರೆನ್ನುವ ನಾಲ್ಕು ಮಠಗಳಲ್ಲಿ ದಕ್ಷಿಣದ್ದು ನಮ್ಮ ಶೃಂಗೇರಿ, ಉತ್ತರದ್ದು ಇದು. ಊರಿನ ಹೆಸರೇ ಮಠದಿಂದ ಬಂದದ್ದು. ಅವರು ತಪಸ್ಸಿಗೆ ಕೂತರೆನ್ನುವ ದೊಡ್ಡ ಹಿಪ್ಪುನೇರಳೆ ಮರವನ್ನು ಕಲ್ಪವೃಕ್ಷ ಎಂದು ತೋರಿಸುತ್ತಾರೆ. ರೇಷ್ಮೆ ಹುಳಕ್ಕೆ ಸೊಪ್ಪು ಕೊಯ್ಯುವ ಹೊಸೂರು, ಮಡಕಶಿರಾ ಕಡೆಯವರು ಅಷ್ಟು ದಪ್ಪ ಬುಡದ ಹಿಪ್ಪುನೇರಳೆ ಕಂಡರೆ ಬೆರಗಾಗಬೇಕು. ನರಸಿಂಹ ಮೂರ್ತಿಯ ಒಂದು ತೋಳು ವರ್ಷದಿಂದ ವರ್ಷಕ್ಕೆ ತೆಳ್ಳಗಾಗುತ್ತಿದೆ, ಅದು ಮುರಿದ ದಿನ ಎರಡು ಬೆಟ್ಟಗಳು ಕೂಡಿ ಬದರಿಯ ದಾರಿ ಮುಚ್ಚುತ್ತದೆ ಎಂದು ಅಲ್ಲಿಯ ಐತಿಹ್ಯ. ಮುಂದೆ ಬಿರುಕಿನ ಮಾತು ಬಂದಾಗ ಈ ಕತೆ ನೆನಪಿರಲಿ.

ಬದರಿಯ ಪ್ರಧಾನ ಅರ್ಚಕರಿಗೆ ರಾವಲ್ ಎನ್ನುತ್ತಾರೆ. ಅವರು ಕೇರಳದ ನಂಬೂದಿರಿಯೇ ಆಗಬೇಕೆಂಬುದು ಸಂಪ್ರದಾಯ. ಮಲಯಾಳಂ ಬಲ್ಲ ನಮ್ಮ ಕಾಸರಗೋಡು, ವಯನಾಡಿನವರಿಗೆ ಹೀಗೆ ಹಿಮಾಲಯದಲ್ಲೊಬ್ಬ ನೆರೆಮನೆಯವರು ಸಿಕ್ಕ ಹಾಗೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ರಾಯದುರ್ಗದವರು ಬೇಸರ ಮಾಡಬೇಡಿ, ನಿಮಗೆ ಇನ್ನೂ ಹತ್ತಿರದ ನಂಟಿದೆ. ಕೇದಾರನಾಥದ ರಾವಲ್ ಪರಂಪರೆ ಕರ್ನಾಟಕ ಮೂಲದ ವೀರಶೈವ ಜಂಗಮರದ್ದು. ಬಾಳೆಹೊನ್ನೂರು, ಉಜ್ಜಿನಿ, ಶ್ರೀಶೈಲ, ಕಾಶಿಯ ಜತೆ ಪಂಚಪೀಠಗಳಲ್ಲಿ ಒಂದಾದ ಕೇದಾರ ಪೀಠ ಇರುವುದು ಊಖಿಮಠದಲ್ಲಿ. ಚಳಿಗಾಲದಲ್ಲಿ ಕೇದಾರನ ಉತ್ಸವಮೂರ್ತಿ ಬಂದು ಕೂರುವುದೂ ಅಲ್ಲಿನ ಓಂಕಾರೇಶ್ವರ ದೇವಸ್ಥಾನದಲ್ಲೇ. ಜ್ಯೋತಿರ್ಮಠದ ದಾರಿಯಲ್ಲಿ ರುದ್ರಪ್ರಯಾಗದಿಂದ ಕವಲೊಡೆದು ನಲವತ್ತು ಕಿ.ಮೀ. ಆಸುಪಾಸು ಹೋದರೆ ಊಖಿಮಠ. ಮೇ ತಿಂಗಳಲ್ಲಿ ಗಂಟೆಗಟ್ಟಲೆ ನಿಂತು ಕ್ಷಣಕಾಲ ಕಾಣುವ ದೇವರನ್ನು ಜನವರಿಯಲ್ಲಿ ಎದುರು ಕೂತು ನೋಡಬಹುದು.

ದೇವರಂತೆ ಜನರೂ ಇಳಿದು ಬರುತ್ತಾರೆ. ನೀತಿ ಮತ್ತು ಮಾಣಾ ಕಣಿವೆಗಳ ಭೋಟಿಯಾ ಜನರಿಗೆ ಬೇಸಿಗೆಗೆ ಒಂದು ಊರು, ಚಳಿಗಾಲಕ್ಕೆ ಕೆಳಗೆ ಇನ್ನೊಂದು ಊರು. ಅವರ ಹಿರಿಯರು ಕುರಿ, ಆಡುಗಳ ಬೆನ್ನಿಗೆ ಚೀಲ ಕಟ್ಟಿ ಟಿಬೆಟ್ಟಿಗೆ ಧಾನ್ಯ ಒಯ್ದು ಉಪ್ಪು, ಉಣ್ಣೆ ತರುತ್ತಿದ್ದರು. 1962ರಲ್ಲಿ ಗಡಿ ಮುಚ್ಚಿತು, ವ್ಯಾಪಾರ ಅಲ್ಲಿಗೇ ನಿಂತಿತು. 1956ರ ನವೆಂಬರ್ 1ರಂದು ಮನೆ ಬಿಟ್ಟು ಕದಲದೆಯೇ ಬೇರೆ ರಾಜ್ಯದವರಾದ ನಮಗೆ ಅವರ ಮಾತು ಬೇಗ ಅರ್ಥವಾಗುತ್ತದೆ. ಮನೆಯಲ್ಲಿ ಒಂದು ಭಾಷೆ, ಕಚೇರಿಯಲ್ಲಿ ಇನ್ನೊಂದು ಎಂಬುದೂ ಅವರಿಗೆ ಹೊಸತಲ್ಲ. ಮರಾಠಿ ಶಾಲೆಯಲ್ಲಿ ಕಲಿತ ಅಕ್ಕಲಕೋಟೆಯವರಿಗಂತೂ ಅಲ್ಲಿಯ ದೇವನಾಗರಿ ಬೋರ್ಡುಗಳು ನೀರು ಕುಡಿದಷ್ಟು ಸುಲಭ.

ಊಟದ ಮಾತು ಹೇಳದಿದ್ದರೆ ಹೇಗೆ? ನಾವಿದ್ದದ್ದು ಸೇನೆಯಿಂದ ನಿವೃತ್ತರಾದ ಒಬ್ಬ ಸುಬೇದಾರರ ಮನೆಯಲ್ಲಿ, ಎರಡು ಕೋಣೆಯ ಹೋಮ್‌ಸ್ಟೇ. ಹಿಂದೊಮ್ಮೆ ಬೆಳಗಾವಿಯಲ್ಲಿ ತರಬೇತಿಗೆ ಇದ್ದವರು, "ಊಟ ಆಯ್ತಾ?" ಎಂದು ಕನ್ನಡದಲ್ಲೇ ಕೇಳಿದರು. ಮೊದಲ ರಾತ್ರಿ ತಟ್ಟೆಗೆ ಬಂದದ್ದು ಕಪ್ಪು ರೊಟ್ಟಿ ಮತ್ತು ಒಂದು ಬೇಳೆಯ ಸಾರು. "ಮಂಡುವಾ" ಎಂದರು. ಮುರಿದು ಬಾಯಿಗಿಟ್ಟರೆ ನಮ್ಮ ರಾಗಿ! ಬೇಳೆಗೆ "ಗಹತ್" ಎಂದರು. ನೋಡಿದರೆ ಹುರುಳಿ! ಮೈಗೆ ಶಾಖ ಕೊಡುತ್ತದೆಂದು ಚಳಿಗಾಲದಲ್ಲಿ ಅವರಿಗೆ ಹುರುಳಿಯೇ ಬೇಕು. ಎರಡು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಹೋಗಿ ರಾಗಿ ರೊಟ್ಟಿ, ಹುರುಳಿ ಸಾರು ತಿಂದು ಬಂದೆವೆಂದು ಭಾವ ಈಗಲೂ ನಗುತ್ತಾರೆ. ತಾಳವಾಡಿಯವರೇ, ನಿಮಗೆ ಅಲ್ಲಿ ಹಸಿವಿನ ಭಯವಿಲ್ಲ.

ಈಗ ಕಷ್ಟದ ಮಾತು. 2023ರ ಜನವರಿಯಲ್ಲಿ ಈ ಊರು ಬಿರುಕುಬಿಟ್ಟಿತು. 800ಕ್ಕೂ ಹೆಚ್ಚು ಕಟ್ಟಡಗಳ ಗೋಡೆ, ನೆಲ ಸೀಳಿದವು. ನೂರಾರು ಕುಟುಂಬಗಳನ್ನು ಬೇರೆಡೆಗೆ ಸಾಗಿಸಬೇಕಾಯಿತು. ಒಂದಕ್ಕೊಂದು ಒರಗಿ ನಿಂತ ಎರಡು ಹೋಟೆಲುಗಳನ್ನು ಕೆಡವಿದರು. ನಾವು ಕಣ್ಣು ಮುಚ್ಚಿ ಕೂತಿದ್ದ ರೋಪ್‌ವೇಯನ್ನೂ ನಿಲ್ಲಿಸಿದರು.

ಏಕೆ ಹೀಗಾಯಿತು? ಊರು ಕೂತಿರುವುದು ಗಟ್ಟಿ ಬಂಡೆಯ ಮೇಲಲ್ಲ, ಯಾವುದೋ ಕಾಲದಲ್ಲಿ ಕುಸಿದು ಬಂದ ಮಣ್ಣು-ಕಲ್ಲಿನ ರಾಶಿಯ ಮೇಲೆ. 1976ರಲ್ಲೇ ಮಿಶ್ರಾ ಸಮಿತಿ ಇದನ್ನು ಬರೆದಿಟ್ಟಿತ್ತು. ಭಾರೀ ಕಟ್ಟಡ ಬೇಡ, ಇಳಿಜಾರಿನ ಬಂಡೆ ತೆಗೆಯಬೇಡಿ, ಸಿಡಿಮದ್ದು ಸಿಡಿಸಬೇಡಿ, ನೀರು ಹರಿದುಹೋಗಲು ಚರಂಡಿ ಮಾಡಿ, ಗಿಡ ನೆಡಿ ಎಂದು ಹೇಳಿತ್ತು. ಆಮೇಲಿನ ಐವತ್ತು ವರ್ಷ ಹೆಚ್ಚಾಗಿ ಅದಕ್ಕೆ ವಿರುದ್ಧವಾದದ್ದೇ ನಡೆಯಿತು. ಬಹುಮಹಡಿ ಹೋಟೆಲು ಬಂದವು, ಬಚ್ಚಲು ನೀರು ನೆಲಕ್ಕೇ ಇಂಗಿತು, ಬುಡದಲ್ಲಿ ಅಲಕನಂದಾ ಕೊರೆಯುತ್ತ ಹೋಯಿತು. ಸ್ಥಳೀಯರ ಸಿಟ್ಟು ತಪೋವನ-ವಿಷ್ಣುಗಾಡ್ ಜಲವಿದ್ಯುತ್ ಯೋಜನೆಯ ಸುರಂಗದ ಮೇಲೆ. 2009ರಲ್ಲಿ ಸುರಂಗ ಕೊರೆಯುವ ಯಂತ್ರ ನೆಲದಡಿಯ ಜಲಪದರವನ್ನು ಒಡೆದದ್ದು ನಿಜ. ಊರು ಕುಸಿದದ್ದಕ್ಕೂ ಸುರಂಗಕ್ಕೂ ಸಂಬಂಧವಿಲ್ಲ ಎಂಬುದು ಯೋಜನೆಯವರ ವಾದ. 2021ರ ಫೆಬ್ರವರಿ 7ರ ಪ್ರವಾಹದಲ್ಲಿ ಇದೇ ಕಣಿವೆಯಲ್ಲಿ 200ಕ್ಕೂ ಹೆಚ್ಚು ಮಂದಿ ಸತ್ತರು ಇಲ್ಲವೇ ಕಾಣೆಯಾದರು. ಆ ಪ್ರವಾಹಕ್ಕೆ ಸಿಕ್ಕ ರೈಣಿ ಗ್ರಾಮವೇ 1974ರಲ್ಲಿ ಗೌರಾದೇವಿ ಮತ್ತು ಜತೆಯ ಹೆಂಗಸರು ಮರ ತಬ್ಬಿ ನಿಂತ ಊರು. ಆ ಚಿಪ್ಕೋ ಚಳವಳಿಯ ಕಿಡಿ 1983ರಲ್ಲಿ ಶಿರಸಿ ಬಳಿಯ ಸಾಲ್ಕಣಿಗೆ ಬಂದು ಅಪ್ಪಿಕೋ ಆಯಿತು. 2024ರ ಜುಲೈ 30ರಂದು ಮುಂಡಕ್ಕೈ, ಚೂರಲ್‌ಮಲೆ ಕೊಚ್ಚಿಹೋದದ್ದನ್ನು ಕಂಡ ವಯನಾಡಿನವರಿಗೆ ಇದನ್ನೆಲ್ಲ ನಾನು ವಿವರಿಸಬೇಕಾಗಿಲ್ಲ.

ಅಂಥ ಊರಿಗೆ ಹೋಗಿ ಎಂದು ಹೇಳುವುದು ಸರಿಯೇ? ಈ ಪ್ರಶ್ನೆ ನನ್ನನ್ನೂ ಕಾಡಿದೆ. ಬಿರುಕಿನ ಸುದ್ದಿ ಬಂದಾಗ ಸುಬೇದಾರರಿಗೆ ಫೋನ್ ಮಾಡಿದ್ದೆ. ಅವರ ಮನೆಯ ಅಡುಗೆಕೋಣೆ ಗೋಡೆಯಲ್ಲಿ ಬೆರಳು ತೂರುವಷ್ಟು ಸೀಳು ಬಂದಿತ್ತು. ಮಲಗುವ ಕೋಣೆಗಳಿಗೆ ಏನೂ ಆಗಿರಲಿಲ್ಲ. "ಆ ವರ್ಷ ಒಬ್ಬರೂ ಬರಲಿಲ್ಲ ಭಾಯಿಸಾಬ್. ಬಿರುಕಿಗಿಂತ ಅದೇ ಹೆಚ್ಚು ಕುತ್ತಿಗೆ ಹಿಡಿಯಿತು" ಎಂದು ಆಮೇಲೆ ಹೇಳಿದರು. ಟ್ಯಾಕ್ಸಿಯವರು, ಬೂಟು ಬಾಡಿಗೆಗೆ ಕೊಡುವವರು, ಸ್ಕೀ ಕಲಿಸುವ ಹುಡುಗರು ಎಲ್ಲರ ದುಡಿಮೆ ಆ ಎರಡು-ಮೂರು ತಿಂಗಳದ್ದು. ಇನ್ನೊಂದು ಕಡೆ, ಜನ ಹೆಚ್ಚಿದ್ದಕ್ಕೇ ಅಲ್ಲವೇ ಅಷ್ಟು ಹೋಟೆಲು ಎದ್ದದ್ದು? ಎರಡೂ ನಿಜ. ನನ್ನ ತೀರ್ಮಾನ ಇದು: ಹೋಗಬೇಕು, ಆದರೆ ಬಸ್ಸು ತುಂಬಿಕೊಂಡಲ್ಲ. ನಾಲ್ಕು ಜನ, ಒಂದು ಜೀಪು, ಮೊದಲೇ ಇರುವ ಮನೆಗಳಲ್ಲಿ ವಾಸ. ಚಳಿಗಾಲದಲ್ಲಿ ಯಾತ್ರೆಯ ನೂಕುನುಗ್ಗಲು ಇಲ್ಲದ್ದರಿಂದ ಆ ಮನೆಗಳೇ ಸಾಕು, ಯಾರೂ ಹೊಸ ಮಹಡಿ ಎಬ್ಬಿಸಬೇಕಾಗಿಲ್ಲ. ಬೇಸಿಗೆಯ ಗದ್ದಲದ ಒಂದಷ್ಟು ಪಾಲು ಚಳಿಗಾಲಕ್ಕೆ ಹಂಚಿಹೋದರೆ ಊರಿಗೂ ಉಸಿರಾಡಲು ಸಮಯ ಸಿಗುತ್ತದೆ. ಉತ್ತರಾಖಂಡ ಸರ್ಕಾರವೂ ಚಳಿಗಾಲದ ಯಾತ್ರೆ ಎಂದು ಪ್ರಚಾರ ಮಾಡುತ್ತಿದೆ. ಅದು ಮತ್ತೊಂದು ಜಾತ್ರೆಯಾಗದಿರಲಿ ಎಂಬುದು ನನ್ನ ಆಸೆ.

ಹೋಗುವುದು ಹೇಗೆ? ಕಾಸರಗೋಡಿನವರಿಗೆ ದೆಹಲಿಯ ನಿಜಾಮುದ್ದೀನ್‌ವರೆಗೆ ಮಂಗಳಾ ಎಕ್ಸ್‌ಪ್ರೆಸ್ ಇದೆ. ಸೊಲ್ಲಾಪುರದವರಿಗೆ ಕರ್ನಾಟಕ ಎಕ್ಸ್‌ಪ್ರೆಸ್. ದೆಹಲಿಯಿಂದ ಹರಿದ್ವಾರ ಅಥವಾ ಋಷಿಕೇಶ. ಋಷಿಕೇಶದಿಂದ ಜ್ಯೋತಿರ್ಮಠಕ್ಕೆ ಸುಮಾರು 250 ಕಿಲೋಮೀಟರ್ ಗುಡ್ಡದ ದಾರಿ, ಇಡೀ ಹಗಲು ಬೇಕು. ಬಸ್ಸುಗಳು ನಸುಕಿನಲ್ಲೇ ಹೊರಡುತ್ತವೆ. ರಾತ್ರಿ ಆ ದಾರಿಯಲ್ಲಿ ಓಡಿಸುವುದಿಲ್ಲ. ಮಳೆಗಾಲಕ್ಕೆ ಹೋಲಿಸಿದರೆ ಚಳಿಗಾಲದಲ್ಲಿ ಗುಡ್ಡ ಕುಸಿಯುವುದು ಕಡಿಮೆ. ದೇವಪ್ರಯಾಗದಿಂದ ಹಿಡಿದು ಐದು ಪ್ರಯಾಗಗಳಲ್ಲಿ ನಾಲ್ಕು ದಾರಿಯಲ್ಲೇ ಸಿಗುತ್ತವೆ, ಐದನೆಯ ವಿಷ್ಣುಪ್ರಯಾಗ ಊರಿನ ಕೆಳಗೆ. ಆ ದಿನಗಳಲ್ಲಿ ನದಿಯ ನೀರು ಕೆಸರಿಲ್ಲದೆ ಹಸಿರುನೀಲಿ. ಅಲಕನಂದೆಯ ನಿಜವಾದ ಬಣ್ಣ ನಾನು ನೋಡಿದ್ದು ಆಗಲೇ.

ರೋಪ್‌ವೇ ನಂಬಿಕೊಂಡು ಹೋಗಬೇಡಿ. ಔಲಿಗೆ ಸುಮಾರು 15 ಕಿ.ಮೀ. ರಸ್ತೆ ಇದೆ. ಹಿಮ ಬಿದ್ದಾಗ ಚಕ್ರಕ್ಕೆ ಸರಪಳಿ ಕಟ್ಟಿದ ಸ್ಥಳೀಯ ಜೀಪುಗಳೇ ಗತಿ, ಸ್ವಂತ ಕಾರಿನ ಸಾಹಸ ಬೇಡ. ಒಂದು ರಾತ್ರಿ ಜ್ಯೋತಿರ್ಮಠದಲ್ಲಿ ತಂಗಿ ಮಾರನೆಯ ದಿನ ಮೇಲೆ ಹೋಗಿ. ನೇರ ಹತ್ತಿದರೆ ತಲೆಭಾರ, ಏದುಸಿರು ಬರಬಹುದು. ಹೃದಯದ ತೊಂದರೆ, ಅಸ್ತಮಾ ಇರುವವರು ವೈದ್ಯರನ್ನು ಕೇಳಿಯೇ ಹೊರಡಿ. ಬಟ್ಟೆ ದಪ್ಪದ್ದೊಂದರ ಬದಲು ತೆಳ್ಳಗಿನವು ಮೂರು, ಕಾಲುಚೀಲ ಒಣಗಿದ್ದು ಯಾವಾಗಲೂ ಒಂದು ಜತೆ. ಬಿಸಿಲಿಗೆ ಹಿಮ ಕಣ್ಣು ಕುಕ್ಕುವುದರಿಂದ ಕಪ್ಪು ಕನ್ನಡಕ ಶೋಕಿಗಲ್ಲ. ಬದರಿ, ಮಾಣಾ ಕಡೆಗೆ ಇಣುಕಿ ಬರೋಣ ಎಂಬ ಆಸೆ ಬಿಡಿ. 2025ರ ಫೆಬ್ರವರಿ 28ರಂದು ಮಾಣಾ ಬಳಿ ಹಿಮಪಾತಕ್ಕೆ ಸಿಕ್ಕ ರಸ್ತೆ ಕಾರ್ಮಿಕರಲ್ಲಿ 8 ಮಂದಿ ಸತ್ತರು.

ಇನ್ನೊಂದು ಮಾತು ಮುಚ್ಚಿಡಬಾರದು. ಹೋದಾಗ ಹಿಮ ಇದ್ದೇ ಇರುತ್ತದೆಂಬ ಭರವಸೆ ಇಲ್ಲ. ಇತ್ತೀಚೆಗೆ ಜನವರಿ ಇಡೀ ಒಣಗಿಹೋದ ವರ್ಷಗಳಿವೆ, ಹಿಮ ಸಾಲದೆ ಸ್ಪರ್ಧೆಗಳು ರದ್ದಾದದ್ದಿದೆ. ಕೃತಕ ಹಿಮಕ್ಕೆಂದು ಅಲ್ಲೊಂದು ಕೊಳ ಕಟ್ಟಿದ್ದಾರೆ, ಯಂತ್ರಗಳನ್ನು ತಂದಿದ್ದಾರೆ, ಆದರೆ ಚಳಿಯೇ ಸಾಲದಿದ್ದರೆ ಯಂತ್ರ ಏನು ಮಾಡೀತು? ಸ್ಕೀ ಕಲಿಯುವುದೇ ಗುರಿಯಾದರೆ ಜನವರಿ ಕೊನೆಯಿಂದ ಫೆಬ್ರವರಿ ಕೊನೆಯವರೆಗಿನ ದಿನ ಹಿಡಿಯಿರಿ, ಹೊರಡುವ ವಾರ ಅಲ್ಲಿಯವರಿಗೇ ಫೋನ್ ಮಾಡಿ ಕೇಳಿ. ಹಿಮ ಇಲ್ಲದಿದ್ದರೂ ನಂದಾದೇವಿ ಇರುತ್ತದೆ, ನರಸಿಂಹ ಇರುತ್ತಾನೆ, ಹುರುಳಿ ಸಾರು ಇರುತ್ತದೆ.

ಬರುವ ಫೆಬ್ರವರಿಗೆ ನಾನು ಮತ್ತೆ ಹೊರಟಿದ್ದೇನೆ. ಈ ಸಲ ಭಾವನ ಮಗಳೂ ಬರುತ್ತಾಳೆ, ಅವಳಿಗೆ ಬೀಳುವ ಭಯವಿಲ್ಲ. ಕಳೆದ ವಾರ ಸುಬೇದಾರರಿಗೆ ತಿಳಿಸಿದೆ. ಅಡುಗೆಕೋಣೆ ಗೋಡೆಗೆ ಸಿಮೆಂಟು ಮೆತ್ತಿಸಿದ್ದಾರಂತೆ, ಸೀಳು ಬೆಳೆಯುತ್ತಿದೆಯೇ ಎಂದು ತಿಳಿಯಲು ಅದರ ಮೇಲೆ ಪೆನ್ಸಿಲಿನಿಂದ ತಾರೀಕು ಬರೆದು ಗೆರೆ ಎಳೆದಿಟ್ಟಿದ್ದಾರಂತೆ. ಬರುವಾಗ ಏನು ತರಲಿ ಎಂದು ಕೇಳಿದೆ. "ಹೋದ ಸಲ ತಂದಿರಲ್ಲ ಕಾಳುಮೆಣಸು, ಅದೇ ತನ್ನಿ. ಇಲ್ಲಿಯದ್ದಕ್ಕೆ ಖಾರವೇ ಇಲ್ಲ" ಎಂದರು. ಎರಡು ಕಿಲೋ ಒಣಗಿಸಿ ಇಟ್ಟಿದ್ದೇನೆ.